ಕಳ್ಳಿ ಬಡಿಯುವ ಮಾಸ್ತರರು

ಗುರುಪಾದಪ್ಪ ಮಾಸ್ತರರು ಪಾಪಾಸುಕಳ್ಳಿಗೆ ಮೊದಲು ನಮಸ್ಕಾರ ಮಾಡುತ್ತಿದ್ದರು, ಆಮೇಲೆ ಹೊಡೆಯುತ್ತಿದ್ದರು. ‘ನಮಸ್ಕಾರ್ರಿ ಹೆಡ್ ಮಾಸ್ತರ್ರ, ಆರಾಮ ಇದ್ದೀರಿಲ್ಲೋ?’ ಎಂದು ವಿನಯದಿಂದ ಬಾಗಿ, ಬಡಿಗೆಯನ್ನು ಭುಜದ ಹಿಂದಕ್ಕೆ ಒಯ್ದು ಬೀಸಿದರೆ, ಅಂಗೈಯಗಲದ ದಪ್ಪ ಎಲೆಯೊಂದು ಗಿಣ್ಣಿನಲ್ಲಿ ಮುರಿದು ಹಾರಿಹೋಗುತ್ತಿತ್ತು. ಮುರಿದ ಜಾಗದಿಂದ ಲೋಳೆಯಂಥ ರಸ ಇಳಿಯುತ್ತಿತ್ತು. ‘ಇವರು ನಮ್ಮ ಅಣ್ಣಾರು. ಅಪ್ಪನ ಹೊಲಾ ನುಂಗಿ ಹೆಂಗ ದಪ್ಪ ಆಗ್ಯಾರ ನೋಡು,’ ಎಂದು ಮುಂದಿನ ಗಿಡವನ್ನು ಪರಿಚಯಿಸಿ ಅದರ ತಲೆಯನ್ನೂ ಹಾರಿಸುತ್ತಿದ್ದರು. ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ಕಾಲಡಿಯ ಮಣ್ಣು ಹೆಂಚಿನಂತೆ ಕಾದಿರುತ್ತಿತ್ತು. ಓತಿಕ್ಯಾತಗಳು ಸಹ ನೆರಳು ಬಿಟ್ಟು ಹೊರಬರುತ್ತಿರಲಿಲ್ಲ.

ಆಗ ನಾನು ರಾಯಾಪುರದಲ್ಲಿ ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ದಿನವೂ ಬಸ್ಸು ಹಿಡಿದು ಧಾರವಾಡಕ್ಕೆ ಹೋಗಿ ಎಂ.ಎ. ತರಗತಿಯಲ್ಲಿ ಮನಃಶಾಸ್ತ್ರ ಓದುತ್ತಿದ್ದೆ. ಕಣ್ಣಾರೆ ಕಂಡವನ ಸಾಕ್ಷಿಯನ್ನೂ ಪೂರ್ತಿ ನಂಬಬಾರದು ಎಂದು ಅಲ್ಲಿ ಕಲಿಸಿದರು. ಆ ಪಾಠ ಎಷ್ಟು ಚೆನ್ನಾಗಿ ತಲೆಗೆ ಹತ್ತಿತೆಂದರೆ, ಈಗ ಇದನ್ನು ಬರೆಯುವಾಗ ನನ್ನ ಸಾಕ್ಷಿಯನ್ನೇ ನಾನು ಅನುಮಾನಿಸುತ್ತಿದ್ದೇನೆ. ಆ ಬಡಿಗೆ ಬಿದಿರಿನದೋ ಜಾಲಿಯದೋ ಎಂದು ಯಾರಾದರೂ ಕೇಳಿದರೆ ಹೇಳಲಾರೆ. ಅದರ ಪೆಟ್ಟುಗಳ ಬಗ್ಗೆ ಮಾತ್ರ ನನಗೆ ಸಂಶಯವಿಲ್ಲ.

ಮಾಸ್ತರರು ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಸಣಕಲು ಮೈ, ಕರಿ ಟೊಪ್ಪಿಗೆ, ಪಕ್ಕದವನಿಗೂ ಸರಿಯಾಗಿ ಕೇಳಿಸದ ದನಿ. ಶಾಲೆಯಲ್ಲಿ ಒಬ್ಬ ಹುಡುಗನ ಕಿವಿಯನ್ನೂ ಹಿಂಡಿದವರಲ್ಲ. ಹೆಡ್ ಮಾಸ್ತರರು ಬೈದರೂ ತಲೆ ಬಗ್ಗಿಸಿ ನಿಲ್ಲುತ್ತಿದ್ದರಂತೆ. ಹಾಗೆ ನುಂಗಿದ್ದನ್ನೆಲ್ಲ ಮನೆಗೆ ತಂದು ಹೆಂಡತಿಯ ಮೇಲೆ ಕಕ್ಕುತ್ತಿದ್ದರು. ಅವರ ಹೆಂಡತಿ ನೀಲಮ್ಮನ ಎಡಹುಬ್ಬನ್ನು ಸೀಳಿಕೊಂಡು ಹೋದ ಒಂದು ಗಾಯದ ಗುರುತಿತ್ತು. ಅದು ಗಂಡ ಎಸೆದ ಹಿತ್ತಾಳೆಯ ಚರಿಗೆಯ ಅಂಚು ತಾಗಿದ್ದು ಎಂದು ಅವರೇ ಒಂದು ದಿನ, ಬೇಳೆ ಆರಿಸುತ್ತ, ಬೇರೆ ಯಾರದೋ ಸುದ್ದಿ ಹೇಳುವವರಂತೆ ಹೇಳಿದರು.

‘ಆವತ್ತ ರಕ್ತಾ ಒರಸಿಕೋತ ಅವರಿಗೆ ಹೇಳೇನಿ ತಮ್ಮಾ. ಇನ್ನೊಮ್ಮೆ ಕೈ ಎತ್ತಿದ್ರ ನಾ ಏನ ತವರಿಗೆ ಹೋಗಂಗಿಲ್ಲ. ನೀವು ಹೋಗಬೇಕು. ಈ ಮನಿ ಅಮ್ಮಿನಬಾವಿಯಿಂದ ನಮ್ಮಪ್ಪ ಬಂದು ಕೊಡಿಸಿದ್ದು.’

‘ಅದಕ್ಕ ಮಾಸ್ತರ್ರು ಏನಂದ್ರು ಅಕ್ಕಾರ?’

‘ಏನಂತಾರ? ಬಡಿಗಿ ತಗೊಂಡು ದಿನ್ನಿಗೆ ಹೋದ್ರು.’

ಊರ ಹಿಂದಿನ ದಿನ್ನೆಯ ಮೇಲೆ ಒಂದು ಹಳೆಯ ಬಂಡಿದಾರಿ, ಅದರ ಎರಡೂ ಬದಿಗೆ ಕಳ್ಳಿ. ಏರು ಎನ್ನುವಂಥ ಏರಿಲ್ಲ, ಮುದುಕರೂ ನಡೆಯಬಹುದಾದ ದಾರಿ. ಮಾಸ್ತರರು ಹಳ್ಳದವರೆಗೆ ಹೋಗಿ ಬರುವಷ್ಟರಲ್ಲಿ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿ, ಕಣ್ಣು ಕೆಂಪಗಾಗಿ, ದನಿ ಮತ್ತೆ ಸಣ್ಣದಾಗಿರುತ್ತಿತ್ತು. ಬೇಸಿಗೆ ಸೂಟಿ ಅವರಿಬ್ಬರಿಗೂ ಕೆಟ್ಟ ಕಾಲ. ಶಾಲೆ ಇಲ್ಲ, ಸೆಕೆ, ಇಡೀ ದಿನ ಒಂದೇ ಸೂರಿನ ಕೆಳಗೆ. ಮಾಸ್ತರರ ಕಿವಿಯ ತುದಿ ಕೆಂಪೇರಿದ್ದು ಕಂಡರೆ ನೀಲಮ್ಮ ಎದ್ದು, ಅವರ ಚಪ್ಪಲಿಗಳನ್ನು ಹೊಸ್ತಿಲಾಚೆ, ಮೂತಿ ಬೀದಿಯ ಕಡೆ ಮಾಡಿ ಜೋಡಿಸಿಡುತ್ತಿದ್ದರು. ಪಕ್ಕದಲ್ಲಿ ಬಡಿಗೆ. ಮಾಸ್ತರರು ನೋಡುತ್ತಿದ್ದರು, ಹಲ್ಲು ಕಚ್ಚುತ್ತಿದ್ದರು, ಮೆಟ್ಟಿಕೊಂಡು ಹೋಗುತ್ತಿದ್ದರು.

‘ಬಿಸಲಾಗ ತಲಿ ತಿರಗಿ ಎಲ್ಲೆರೆ ಬಿದ್ದಾರು, ಜೋಡಿ ಹೋಗಪಾ,’ ಎಂದು ನೀಲಮ್ಮ ನನ್ನನ್ನು ಹಿಂದೆ ಕಳಿಸುತ್ತಿದ್ದರು. ಪರೀಕ್ಷೆಗೆ ಓದಲೆಂದು ಊರಿಗೆ ಹೋಗದೆ ಉಳಿದಿದ್ದ ನನಗೂ ಪುಸ್ತಕದ ಮುಂದೆ ಕೂರಲು ಆಗುತ್ತಿರಲಿಲ್ಲ. ಒಮ್ಮೆ ದಾರಿಯಲ್ಲಿ, ಪುಸ್ತಕದ ಕುತೂಹಲದಿಂದಲೇ ಇರಬೇಕು, ಕೇಳಿಬಿಟ್ಟೆ. ‘ಎಲ್ಲಾರ ಹೆಸರೂ ಇಟ್ಟೀರಿ. ಅಕ್ಕಾರ ಹೆಸರಿಂದು ಯಾವುದ್ರಿ?’

ಎತ್ತಿದ ಬಡಿಗೆ ಹಾಗೇ ನಿಂತಿತು. ಅದು ನನ್ನ ಮೇಲೇ ಇಳಿಯುತ್ತದೆ ಎಂದುಕೊಂಡೆ. ‘ಅಕಿ ಹೆಸರು ಇಲ್ಲಿ ತರಬ್ಯಾಡ,’ ಎಂದರು. ‘ಅಕಿ ಸುದ್ದಿಗೆ ಹೋಗಬಾರದಂತನ ಈ ಬಿಸಲಾಗ ಸಾಯಾಕತ್ತೇನಿ.’

ಎರಡನೆಯ ಬೇಸಿಗೆಗೆ ದಾರಿ ಇಕ್ಕಟ್ಟಾಗಿತ್ತು. ಇಬ್ಬರು ಜೋಡಿಯಾಗಿ ನಡೆಯಲಾಗದೆ ನಾನು ಹಿಂದೆ ಬೀಳುತ್ತಿದ್ದೆ. ಹಣ್ಣಿನ ಮೇಲಿನ ಸಣ್ಣ ಮುಳ್ಳು ಧೋತರದಲ್ಲಿ ಸಿಕ್ಕಿ ತೊಡೆಗೆ ಚುಚ್ಚುತ್ತಿತ್ತು. ದಾರಿ ಹೀಗೆ ಕಿರಿದಾದದ್ದರ ಕಾರಣ ನಮಗೆ ಹೊಳೆದಿರಲಿಲ್ಲ. ಅದನ್ನು ಹೇಳಿದವನು ದಿನ್ನೆಯಲ್ಲಿ ಆಡು ಮೇಯಿಸುತ್ತಿದ್ದ ಲಕ್ಕಪ್ಪ. ದಾರಿಗೆ ಅಡ್ಡ ನಿಂತು ಬಾಯಿಗೆ ಬಂದದ್ದು ಅಂದ.

‘ಮಾಸ್ತರ್ರ, ನೀವು ಬಡದು ಕೆಡವಿದ್ದೆಲ್ಲಾ ಬಿದ್ದಲ್ಲೇ ಬೇರು ಬಿಟ್ಟದ. ಒಂದು ಹೊಡದು ಹತ್ತು ಹುಟ್ಟಿಸೀರಿ. ನನ್ನ ಆಡಿನ ಬಾಯಿ ನೋಡ್ರಿಲ್ಲಿ, ಮುಳ್ಳು ನಟ್ಟು ಕೀವಾಗ್ಯಾವ. ಹುಡುಗುರಿಗೆ ಕಲಸೂ ಮನಶಾಗ ಇಷ್ಟೂ ತಿಳೀಬಾರದೇನು?’

ಮಾಸ್ತರರು ಕೆಳಗೆ ನೋಡಿದರು. ಹೋದ ವರ್ಷದ ಹೆಡ್ ಮಾಸ್ತರರು, ಅಣ್ಣಂದಿರು, ಎಲ್ಲರೂ ಮೊಣಕಾಲೆತ್ತರ ಬೆಳೆದು ನಿಂತಿದ್ದರು. ಅವರು ಇದಕ್ಕೆ ನಗಬಹುದೆಂದು ನಾನು ಎಣಿಸಿದ್ದೆ. ಬಡಿಗೆ ಲಕ್ಕಪ್ಪನ ಹಣೆಗೆ ಬಿತ್ತು. ಅವನ ಮುಖದ ಅರ್ಧ ರಕ್ತವಾಯಿತು. ಅವನು ಹಿಂದೆ ಸರಿಯಲಿಲ್ಲ. ಮಾಸ್ತರರ ಸೊಂಟ ಹಿಡಿದೆತ್ತಿ ಕಳ್ಳಿಯ ಮೆಳೆಗೆ ಒಗೆದ. ಮುಳ್ಳಿನಲ್ಲಿ ಬೆನ್ನು ಹೂತ ಆ ಸಣಕಲು ಮನುಷ್ಯ ಅಲ್ಲಿಂದಲೇ ಒದೆಯುತ್ತಿದ್ದರು, ಲಕ್ಕಪ್ಪ ಕಲ್ಲೆತ್ತಿದ್ದ. ನಾನು ನಡುವೆ ಬಿದ್ದೆನೋ ಬರೀ ಕೂಗಿದೆನೋ ನೆನಪಿಲ್ಲ. ಮೊಳಕೈಯ ಮೇಲೊಂದು ಕಲೆ ಇದೆ, ಅದನ್ನೇ ಪುರಾವೆ ಎಂದು ಇಟ್ಟುಕೊಂಡಿದ್ದೇನೆ. ಕಲ್ಲನ್ನು ಕೆಳಗೆ ಹಾಕಿ ಲಕ್ಕಪ್ಪ, ‘ಇನ್ನ ಈ ದಿನ್ನಿ ಏರಿದ್ರ ನಿಮ್ಮ ಕಾಲು ಉಳಿಯಂಗಿಲ್ಲ,’ ಎಂದು ಆಡುಗಳನ್ನು ಹೊಡೆದುಕೊಂಡು ಹೋದ.

ನೀಲಮ್ಮ ಆ ಸಂಜೆ ಗಂಡನ ಬೆನ್ನಿನ ಮುಳ್ಳುಗಳನ್ನು ಒಂದೊಂದಾಗಿ ಕಿತ್ತರು.

ಮರುದಿನ ಮಧ್ಯಾಹ್ನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಾಟು ಗೋಡೆಗೆ ಬಡಿಯಿತು. ನೀಲಮ್ಮ ಎಂದಿನಂತೆ ಚಪ್ಪಲಿ ತಂದು ಹೊಸ್ತಿಲಾಚೆ ಜೋಡಿಸಿದ್ದನ್ನು ನನ್ನ ಕೋಣೆಯ ಬಾಗಿಲಿನಿಂದ ಕಂಡೆ. ಮಾಸ್ತರರು ಹೊರಗೆ ಬಂದು ಬಡಿಗೆ ಎತ್ತಿಕೊಂಡರು. ದಿನ್ನೆಯ ಕಡೆ ನೋಡಿದರು. ಹೋಗಲು ಜಾಗವಿರಲಿಲ್ಲ. ಚಪ್ಪಲಿ ಮೆಟ್ಟದೆ ಬರಿಗಾಲಲ್ಲಿ ಒಳಕ್ಕೆ ತಿರುಗಿದರು.

‘ಅಕ್ಕಾರ, ಹಿತ್ತಲಕ್ಕ ಓಡ್ರಿ,’ ಎಂದು ನಾನು ಕೂಗಿ ಒಳಗೆ ಹೋಗುವಷ್ಟರಲ್ಲಿ ಎಲುಬು ಮುರಿದ ಸಪ್ಪಳ. ಕಳ್ಳಿಯ ಗಿಣ್ಣು ಮುರಿದ ಸಪ್ಪಳದಂತೆಯೇ ಇತ್ತು ಎಂದು ಹೇಳುತ್ತ ಬಂದಿದ್ದೇನೆ. ಆ ಹೋಲಿಕೆಯನ್ನು ಆಮೇಲೆ ನಾನೇ ಕಟ್ಟಿಕೊಂಡಿರಬಹುದು. ಒಳಗೆ ಕಂಡದ್ದು ಇಷ್ಟು. ಬಡಿಗೆ ನೆಲದ ಮೇಲಿತ್ತು. ಮಾಸ್ತರರು ಅದರ ಪಕ್ಕದಲ್ಲಿ ಬಲಗೈ ಮಣಿಕಟ್ಟು ಹಿಡಿದುಕೊಂಡು ಕುಳಿತಿದ್ದರು. ನೀಲಮ್ಮ ಎರಡೂ ಕೈಯಲ್ಲಿ ಒನಕೆ ಹಿಡಿದು, ಇನ್ನೊಂದು ಪೆಟ್ಟಿಗೆ ಸಿದ್ಧರಾಗಿ ನಿಂತಿದ್ದರು. ಅವರ ಸೆರಗು ಜಾರಿತ್ತು, ಉಸಿರು ಏರಿತ್ತು, ದನಿ ಮಾತ್ರ ನಡುಗಲಿಲ್ಲ.

‘ತಮ್ಮಾ, ಟಾಂಗಾ ಕರಕೊಂಡು ಬಾ. ಮಾಸ್ತರ್ರು ಬಿದ್ದಾರ.’

ಮಾಸ್ತರರು ತಲೆ ಎತ್ತದೆ, ‘ಹೌದು, ಬಿದ್ದೆ,’ ಎಂದರು.

ಹುಬ್ಬಳ್ಳಿಯ ಆಸ್ಪತ್ರೆಯವರೆಗೆ ಟಾಂಗಾದ ಪ್ರತಿ ಕುಲುಕಿಗೂ ಅವರ ಮುಖ ಬಿಳಚಿಕೊಳ್ಳುತ್ತಿತ್ತು. ನಡುದಾರಿಯಲ್ಲಿ ನನ್ನ ಕಿವಿಗೆ ಬಾಗಿ, ‘ಹೊರಗ ಹಾಕತೇನಿ ಅಂದಿದ್ಲು,’ ಎಂದರು. ‘ಹಾಕಲಿಲ್ಲ ನೋಡು. ಕೈ ಮುರದು ಒಳಗ ಇಟಗೊಂಡ್ಲು.’ ಅದು ದೂರೋ ಸಮಾಧಾನವೋ ಆಗ ತಿಳಿಯಲಿಲ್ಲ. ನನ್ನ ಪುಸ್ತಕಗಳಲ್ಲಿ ಅದಕ್ಕೊಂದು ಹೆಸರು ಇದ್ದೀತು, ನಾನು ಹುಡುಕಲಿಲ್ಲ. ಆ ಕೈ ನೆಟ್ಟಗೆ ಕೂಡಲಿಲ್ಲ. ಮುಂದೆ ಅವರು ಹಲಗೆಯ ಮೇಲೆ ಎಡಗೈಯಿಂದಲೇ ಚಿತ್ರ ಬರೆದರು.

ಅರವತ್ತರ ದಶಕದ ನಡುವೆ, ಬಸ್ಸಿನಲ್ಲಿ ಸಿಕ್ಕ ರಾಯಾಪುರದವರೊಬ್ಬರು ಮಾಸ್ತರರು ತೀರಿಹೋದ ಸುದ್ದಿ ಹೇಳಿದರು. ‘ಭಾಳ ಮೆತ್ತನ್ನ ಮನಶಾ,’ ಎಂದರು. ನಾನು ಹೂಂ ಎಂದೆ. ಅಷ್ಟು ಹೊತ್ತಿಗೆ ನಾನು ಬಿಜಾಪುರದ ಕಾಲೇಜೊಂದರಲ್ಲಿ ಕೆಲಸಕ್ಕಿದ್ದೆ. ಅವರನ್ನು ಕಡೆಯ ಸಲ ಕಂಡದ್ದು ಆ ಕೆಲಸಕ್ಕೆ ಹೊರಟ ದಿನ, ಕೈ ಮುರಿದ ಮರುವರ್ಷದ ಮೇ ತಿಂಗಳಲ್ಲಿ.

ಹೇಳಿ ಹೋಗೋಣವೆಂದರೆ ಮನೆಗೆ ಬೀಗ. ದಿನ್ನೆಯ ಕಡೆ ನಡೆದೆ. ನೀಲಮ್ಮ ರೊಟ್ಟಿಯ ಗಂಟು ಹೊತ್ತು ಲಕ್ಕಪ್ಪನ ಮನೆಗೆ ಹೋಗಿ ಮಾತಾಡಿ ಬಂದಿದ್ದರೆಂದು ಕೇಳಿದ್ದೆ. ಕಳ್ಳಿ ಬಡಿಯಬಹುದು, ಆದರೆ ಬಿದ್ದದ್ದನ್ನೆಲ್ಲ ಆರಿಸಿ ಸುಡಬೇಕು, ಇದು ಕರಾರು. ಮಾಸ್ತರರು ಎಡಗೈಯಲ್ಲಿ ಚಿಮಟ ಹಿಡಿದು ಎಲೆಗಳನ್ನು ಬುಟ್ಟಿಗೆ ಹಾಕುತ್ತ ಹಿಂದೆ ಬರುತ್ತಿದ್ದರು. ಟೊಪ್ಪಿಗೆಯ ಕೆಳಗಿಂದ ಬೆವರು ಸುರಿಯುತ್ತಿತ್ತು. ಮುಂದೆ ನೀಲಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಡಿಗೆ ಹಿಡಿದು. ನನ್ನನ್ನು ಇಬ್ಬರೂ ನೋಡಿರಲಿಲ್ಲ.

ಆಳೆತ್ತರದ ಒಂದು ಕಳ್ಳಿಯ ಮುಂದೆ ನೀಲಮ್ಮ ನಿಂತರು. ಹುಬ್ಬಿನ ಮೇಲೆ ಬಂದ ಬೆವರನ್ನು ಮೊಳಕೈಯಿಂದ ಒರೆಸಿಕೊಂಡು, ತಲೆ ಬಾಗಿಸಿದರು.

‘ನಮಸ್ಕಾರ್ರಿ ಗುರುಪಾದಪ್ಪ ಮಾಸ್ತರ್ರ.’

ಕಳ್ಳಿಯ ತಲೆ ಒಂದೇ ಪೆಟ್ಟಿಗೆ ಹಾರಿ ಮಾಸ್ತರರ ಪಾದದ ಹತ್ತಿರ ಬಿತ್ತು. ಅವರು ಅದನ್ನು ನೋಡುತ್ತ ನಿಂತರು. ಆಮೇಲೆ ಬಗ್ಗಿ, ಚಿಮಟದಿಂದ ಎತ್ತಿ ಬುಟ್ಟಿಗೆ ಹಾಕಿಕೊಂಡರು.

‘ಇನ್ನೂ ನಿಂತದ,’ ಎಂದರು. ‘ಇನ್ನೊಂದು ಹಾಕು.’