ನಲವತ್ತು ಗುಲಗಂಜಿ ತೂಕ

ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಆಗ ಆರು ಮನೆಗಳಿಗೆ ಒಂದೇ ನಲ್ಲಿ ಇತ್ತು. ಹೆಗ್ಗಣಗಳಿಗೆ ಮಾತ್ರ ಲೆಕ್ಕವಿರಲಿಲ್ಲ. ದಸರಾ ರಜೆಯ ಒಂದು ಭಾನುವಾರ ಮಧ್ಯಾಹ್ನ ಮಾವ ಜಗುಲಿಯ ಮೇಲೆ ಕೂತು ತಮ್ಮ ಆರು ಬಾಣಗಳ ಮೊನೆಗಳನ್ನು ತೂಗುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಗುಲಗಂಜಿ ಎಣಿಸಿ ಕೊಡುತ್ತಿದ್ದೆ. ಒಳಗಿಂದ ಹುರುಳಿಕಾಳಿನ ಬಸ್ಸಾರಿನ ವಾಸನೆ ಬರುತ್ತಿತ್ತು. ಎಂದಿನಂಥದೇ ಭಾನುವಾರ. ಅಂಥದು ಇನ್ನೊಂದು ಬರುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ನನಗಾಗ ಹತ್ತು ವರ್ಷ.

ಮಾವ ಎಂದರೆ ಅಮ್ಮನ ಅಣ್ಣ ಸಿದ್ದಪ್ಪ. ವಠಾರದ ಮುಂದೆಯೇ ಅವರ ತರಕಾರಿ ಅಂಗಡಿ. ಅವರ ಅಪ್ಪ ಊರಿನಲ್ಲಿ ಬಿಲ್ಲು ಹಿಡಿದು ಬೇಟೆಯಾಡಿದವರು. ಅವರಿಂದ ಕಲಿತ ವಿದ್ಯೆಯಲ್ಲಿ ಮಾವ ಆಲೂಗಡ್ಡೆ ಮೂಟೆಗೆ ಬರುವ ಹೆಗ್ಗಣ ಹೊಡೆಯುತ್ತಿದ್ದರು.

"ಏನ್ ಸಿದ್ದಣ್ಣ, ಕುರುಕ್ಷೇತ್ರ ಯಾವಾಗ?" ಎದುರು ಮನೆಯ ರಂಗಮ್ಮ ನಲ್ಲಿಯ ಹತ್ತಿರದಿಂದಲೇ ಕೂಗಿದರು. "ಒಂದು ಪೊಟ್ಟಣ ಪಾಷಾಣ ತಂದಿಡೋದು ಬಿಟ್ಟು!"

"ಪಾಷಾಣ ಇಟ್ರೆ ನಿಮ್ ಬೆಕ್ಕೂ ತಿನ್ನುತ್ತೆ ರಂಗಮ್ಮ. ನನ್ ಅಂಬು ನೋಡ್ಕೊಂಡ್ ಹೋಗುತ್ತೆ."

"ನೋಡ್ಕೊಂಡೇನೋ ಹೋಯ್ತು. ಮೊನ್ನೆ ನಿಮ್ ಏಟು ತಿಂದ ಹೆಗ್ಗಣ ಸಾಯಂಕಾಲ ನಮ್ಮನೆ ಮುಂದೆ ವಾಕಿಂಗ್ ಹೋಗ್ತಿತ್ತು!"

ಎಲ್ಲರೂ ನಕ್ಕರು. ಮಾವನೂ ನಕ್ಕರು. ನನಗೆ ನಗು ಬರಲಿಲ್ಲ.

ಮಾವನ ತಕ್ಕಡಿ ಎಂದರೆ ತೆಂಗಿನಕಡ್ಡಿಗೆ ನೂಲಿನಿಂದ ಇಳಿಬಿಟ್ಟ ಎರಡು ಸೋಡಾ ಬಾಟಲಿ ಮುಚ್ಚಳ. ಒಂದರಲ್ಲಿ ಕಬ್ಬಿಣದ ಮೊನೆ, ಇನ್ನೊಂದರಲ್ಲಿ ನಲವತ್ತು ಗುಲಗಂಜಿ. ಒಂದು ಕಾಳಿನಷ್ಟು ಹೆಚ್ಚಾದರೂ ಮೊನೆಯನ್ನು ಅರದಿಂದ ಉಜ್ಜುತ್ತಿದ್ದರು.

"ತರಕಾರಿ ಮಾತ್ರ ಜಾಸ್ತಿ ಹಾಕ್ತೀರಲ್ಲ ಮಾವ?" ಎಂದೆ.

"ಅಲ್ಲಿ ಒಂದ್ ಹಿಡಿ ಜಾಸ್ತಿ ಹಾಕಿದ್ರೆ ಗಿರಾಕಿ ನಗ್ತಾರೆ. ಇಲ್ಲಿ ಹಾಕಿದ್ರೆ ಹೆಗ್ಗಣ ನಗುತ್ತೆ. ಮೊನೆ ಹಗುರ ಆದ್ರೆ ಅಂಬು ಬಾಲ ಆಡಿಸ್ಕೊಂಡ್ ಹೋಗುತ್ತೆ. ಭಾರ ಆದ್ರೆ ಗುರಿ ಮುಟ್ಟೋಕ್ ಮುಂಚೆನೇ ಮೂತಿ ಕೆಳಗೆ ಹಾಕುತ್ತೆ. ಎಲ್ಲಾ ಒಂದೇ ತೂಕ ಇದ್ರೆ ಕೈ ತಾನೇ ಕಲ್ತ್ಕೊಳುತ್ತೆ ಅಮ್ಮಣ್ಣಿ. ಈ ವಿಜಯದಶಮಿಗೆ ಬಿಲ್ಲು ನಿನ್ ಕೈಗೆ ಕೊಡ್ತೀನಿ, ನೋಡೋವಂತೆ."

ಆ ಮಾತು ಕೇಳಿ ಬಂದ ಖುಷಿಯಲ್ಲೇ ನಾನು ತಪ್ಪು ಮಾಡಿದೆ. ಏಟು ಸಾಲಲಿಲ್ಲ ಎಂದರೆ ಭಾರ ಸಾಲಲಿಲ್ಲ ಎಂದು ನನ್ನ ಲೆಕ್ಕ. ರಂಗಮ್ಮನ ಬಾಯಿ ಮುಚ್ಚಿಸಬೇಕಿತ್ತು. ಸಂಜೆ ಮಾವ ಮೊನೆಗಳನ್ನು ಬಾಣಗಳಿಗೆ ಕಟ್ಟಿಟ್ಟು ಗಾಂಧಿಬಜಾರಿಗೆ ಹೋದಾಗ ಒಂದು ಬಾಣದ ಮೊನೆಗೆ ಸುತ್ತಿದ್ದ ಕಪ್ಪು ನೂಲನ್ನು ಬಿಚ್ಚಿದೆ. ಮೋಟರ್ ರಿಪೇರಿ ಅಂಗಡಿಯ ಮುಂದೆ ಆಯ್ದು ತಂದಿದ್ದ ತಾಮ್ರದ ತಂತಿಯನ್ನು ಬಿಗಿಯಾಗಿ ಸುತ್ತಿ, ಮೇಲೆ ಮತ್ತೆ ನೂಲು ಸುತ್ತಿ ಮೇಣ ಸವರಿದೆ. ಆ ಬಾಣವನ್ನು ಎಲ್ಲಕ್ಕಿಂತ ಮೇಲಿಟ್ಟೆ.

ಮರುದಿನ ಬೆಳಿಗ್ಗೆ ಹೆಗ್ಗಣ ಅಂಗಡಿಯ ಹಿಂದಿನ ಗೋಡೆಯ ಬುಡದಲ್ಲಿ ಕೂತು ಎಲೆಕೋಸಿನ ಸಿಪ್ಪೆ ತಿನ್ನುತ್ತಿತ್ತು. ಎಂಟು ಹೆಜ್ಜೆ ದೂರ. ಮಾವ ಮೇಲಿದ್ದ ಬಾಣವನ್ನೇ ಹೂಡಿದರು. ಅಷ್ಟು ಹತ್ತಿರದಲ್ಲಿ ಮಾವ ಗುರಿ ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಬಾಣ ಗೇಣುದ್ದ ಮುಂಚೆಯೇ ಕಲ್ಲುಚಪ್ಪಡಿಗೆ ಬಡಿದು ಸೀಳಿಹೋಯಿತು. ಮೊನೆ ಚರಂಡಿಗೆ ಹಾರಿತು. ಹೆಗ್ಗಣ ಅವಸರವನ್ನೂ ಮಾಡದೆ ಹೋಯಿತು.

ಮಾವ ಕಡ್ಡಿಯಿಂದ ಚರಂಡಿ ಕೆದಕಿದರು. ಮೊನೆ ಸಿಗಲಿಲ್ಲ. ಅಂಗೈಯನ್ನು ಕಣ್ಣಿನ ಹತ್ತಿರಕ್ಕೂ ದೂರಕ್ಕೂ ಹಿಡಿದು ನೋಡಿಕೊಂಡರು.

"ಕಣ್ಣು ಹೋಯ್ತು ಅಮ್ಮಣ್ಣಿ."

"ಇನ್ನೊಂದ್ ಸಲ ಹೊಡೀರಿ ಮಾವ."

"ಬೇಡ. ಎಂಟ್ ಹೆಜ್ಜೆಲಿ ತಪ್ಪೋನು ನಾಳೆ ಬೆಕ್ಕಿಗೋ ಮಗೂಗೋ ಹೊಡೆದ್ರೆ? ಕಣ್ಣಿಲ್ದೋನು ನಿಂಗೇನ್ ಕಲಿಸ್ಲಿ?"

ತಂತಿಯ ವಿಷಯ ನಾಲಿಗೆಯ ತುದಿಯವರೆಗೆ ಬಂತು. ಹೇಳಿದರೆ ಬಿಲ್ಲು ಕೊಡುವುದಿಲ್ಲ ಎಂದು ಹೆದರಿ ನುಂಗಿಕೊಂಡೆ. ಬಿಲ್ಲು ಹೇಗೂ ನನ್ನ ಕೈಗೆ ಬರಲಿಲ್ಲ. ಅವರು ಅಂದೇ ಹೆದೆ ಬಿಚ್ಚಿದರು. ಬಿಲ್ಲು ಬಟ್ಟೆ ಒಣಹಾಕುವ ಕೋಲಾಯಿತು. ಅಂಗಡಿಗೆ ಬೋನು ಬಂತು. ರಂಗಮ್ಮ ಮತ್ತೆ ಕುರುಕ್ಷೇತ್ರದ ಮಾತೆತ್ತಲಿಲ್ಲ.

ಆಮೇಲೆ ಮದುವೆ, ನಾಮಕರಣಗಳಲ್ಲಿ ಯಾರಾದರೂ ಬಿಲ್ಲಿನ ಸುದ್ದಿ ತೆಗೆದರೆ ಮಾವ, "ನನ್ ಕಣ್ಣು ಆವತ್ತೇ ಹೋಯ್ತಲ್ಲ" ಎನ್ನುತ್ತಿದ್ದರು. ಅದೇ ಕಣ್ಣಿನಲ್ಲಿ ಕೊನೆಯವರೆಗೂ ಪೇಪರಿನ ಸಣ್ಣ ಅಕ್ಷರ ಓದಿದರು. ಪ್ರತಿ ಸಲವೂ ನಾನು ಪಕ್ಕದಲ್ಲಿದ್ದೆ. ಒಮ್ಮೆಯೂ ಹೇಳಲಿಲ್ಲ.

ಮಾವ ಹೋಗಿ ಇಪ್ಪತ್ತು ದಿನವಾಯಿತು. ವಠಾರ ಇದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡವಿದೆ. ಆ ಚರಂಡಿಯ ಮೇಲೆ ಕಾರುಗಳು ನಿಲ್ಲುತ್ತವೆ. ಅವರ ಹಲ್ಲುಪುಡಿ ಡಬ್ಬಿ ನನ್ನ ಪಾಲಿಗೆ ಬಂತು. ಅದರಲ್ಲಿ ಸೋಡಾ ಮುಚ್ಚಳಗಳು, ಗುಲಗಂಜಿ, ಮೊನೆಗಳು ಇದ್ದವು. ನಿನ್ನೆ ಹೊಸ ನೂಲು ಕಟ್ಟಿ ಒಂದೊಂದನ್ನೇ ತೂಗಿದೆ. ತುಕ್ಕು ಹಿಡಿದಿದ್ದರೂ ಕಡ್ಡಿ ಅಲುಗದೆ ನಿಂತಿತು.

ಐದು ಮೊನೆಗಳಿವೆ. ಆರನೆಯದು ಇಲ್ಲ.