ಅನುಸೂಯಮ್ಮ ಮೆಟ್ಟಿಲು ಹತ್ತಿದ್ದು

ಲಗ್ಗೆರೆಯ ಆ ಗಲ್ಲಿಯಲ್ಲಿ ಉಮಾಶ್ರೀ ಎಂದರೆ ‘ಪೇಪರ್‌ಗೆ ಬರೆಯೋ ಮೇಡಂ’. ಯಾವ ಪೇಪರ್ ಎಂದು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಆ ಹೆಸರು ಕೊಟ್ಟವರು ಕೆಳಮನೆಯ ಲಕ್ಷ್ಮಮ್ಮ. ಮನೆ ಅವರದೇ. ಪೀಣ್ಯದ ಸುತ್ತ ಕಾರ್ಖಾನೆಗಳು ಏಳುವ ಮುಂಚೆ ಅಲ್ಲೇ ರಾಗಿ ಬೆಳೆದವರು, ಈಗ ಮೂರು ಮಹಡಿ ಕಟ್ಟಿಸಿ ಬಾಡಿಗೆಗೆ ಬಿಟ್ಟವರು. ಉಮಾಶ್ರೀ ಬಾಡಿಗೆಗೆ ಬಂದ ವಾರದಲ್ಲೇ, “ಯಜಮಾನ್ರು ಪ್ಯಾಕ್ಟ್ರಿಗೆ ಓಗ್ತಾರೆ, ನೀವೇನಮ್ಮ ಮಾಡ್ತೀರಾ?” ಎಂದು ಕೇಳಿದ್ದರು. “ಮನೇಲೇ ಕೂತು ಬರೀತೀನಿ ಅಮ್ಮಾ” ಎಂದಿದ್ದಳು ಇವಳು. ಓದುಬರಹ ಬಾರದ ಲಕ್ಷ್ಮಮ್ಮನ ಪಾಲಿಗೆ ಬರೆಯುವುದೆಂದರೆ ಪೇಪರ್‌ಗೆ ಬರೆಯುವುದು. ತಿದ್ದುವುದಕ್ಕೆ ಒಂದು ಮಾತು ಸಾಕಿತ್ತು. ಆ ಒಂದು ಮಾತನ್ನು ಉಮಾಶ್ರೀ ಮೂರು ವರ್ಷ ನುಂಗಿಕೊಂಡೇ ಇದ್ದಳು. ಪುಕ್ಕಟೆ ಸಿಗುವ ಮರ್ಯಾದೆಯನ್ನು ಯಾರು ತಾನೇ ವಾಪಸು ಕೊಡುತ್ತಾರೆ?

ಅವಳು ಬರೆಯುತ್ತಿದ್ದದ್ದು ಗುರುರಾಜನಿಗೆ. ಪೀಣ್ಯದಲ್ಲಿ ಒಂದು ಲೇತ್ ವರ್ಕ್‌ಶಾಪಿನ ಮೇಲಿನ ಮಹಡಿಯಲ್ಲಿ ಅವನ ಆಫೀಸು. ಹೊಸದಾಗಿ ವ್ಯಾಪಾರಕ್ಕೆ ಇಳಿದವರಿಗೆ ಇಂಟರ್‌ನೆಟ್ಟಿನಲ್ಲಿ ಗಿರಾಕಿ ಹುಡುಕಿಕೊಡುವುದು ಅವನ ಕಸುಬು. ಜನ ಫೋನಿನಲ್ಲಿ ಯಾವ ಮಾತು ಹಾಕಿ ಹುಡುಕುತ್ತಾರೋ ಆ ಮಾತೇ ಕೀವರ್ಡು. ಅದರ ಸುತ್ತ ಒಂದು ಪುಟ್ಟ ಲೇಖನ ಹೆಣೆದುಬಿಟ್ಟರೆ ಹುಡುಕಿದವರು ನೇರ ಅಂಗಡಿಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ರಾಣೆಬೆನ್ನೂರಿನ ಕಾಲೇಜಿನಲ್ಲಿ ಆರು ವರ್ಷ ಕನ್ನಡ ಪಾಠ ಹೇಳಿ ಬಂದಿದ್ದ ಉಮಾಶ್ರೀಗೆ ಗುರುರಾಜ ಮೊದಲ ದಿನವೇ ಪಾಠ ಹೇಳಿದ. “ಮೇಡಂ, ಇದು ಸಾಹಿತ್ಯ ಅಲ್ಲ. ಮುನ್ನೂರೈವತ್ತು ಪದ, ಅಷ್ಟೇ. ಕೀವರ್ಡ್ ಟೈಟಲ್‌ನಲ್ಲಿರ್ಬೇಕು, ಫಸ್ಟ್ ಲೈನಲ್ಲಿರ್ಬೇಕು, ಆಮೇಲೆ ಐವತ್ತು ಪದಕ್ಕೊಂದ್ಸಲ ಬರ್ತಾ ಇರ್ಬೇಕು. ಮಧ್ಯೆ ವಾಸಿ ಆಗಿರೋರ್ದು ಒಂದು ಸ್ಟೋರಿ ಹಾಕಿ. ಜನ ಅದನ್ನೇ ಓದೋದು.”

ಅವಳು ಕಲಿತಳು. ಬೇಗ ಕಲಿತಳು ಎಂಬುದೇ ಆಮೇಲೆ ಅವಳಿಗೆ ನಾಚಿಕೆ ತಂದ ಸಂಗತಿ. ಕೂದಲು ಉದುರುವುದಕ್ಕೆ ಒಂದು, ಗೋಡೆ ತೇವಕ್ಕೆ ಒಂದು, ಮದುವೆ ತಡವಾಗುವುದಕ್ಕೆ ಒಂದು. ಶ್ರಾವಣದಲ್ಲಿ ಒಬ್ಬ ಎಣ್ಣೆ ಮಾರುವವನ ಕೆಲಸ ಬಂತು. ಕೀವರ್ಡು ‘ಮಂಡಿ ನೋವಿಗೆ ಮನೆಮದ್ದು’. ‘ಮೊಣಕಾಲು’ ಅಂದರೆ ಚೆನ್ನಾಗಿರುತ್ತದೆ ಎಂದಳು ಇವಳು. ಜನ ಹುಡುಕುವುದು ‘ಮಂಡಿ’ ಎಂದ ಅವನು. ಕುಕ್ಕರ್ ಇಟ್ಟು ಕೂತವಳು ಅನ್ನ ಆಗುವಷ್ಟರಲ್ಲಿ ಮುಗಿಸಿದ್ದಳು. ಎಕ್ಕದ ಎಲೆಗೆ ಆ ಎಣ್ಣೆ ಸವರಿ, ಬಿಸಿ ಮಾಡಿ ಮಂಡಿಗೆ ಕಟ್ಟಬೇಕು, ಇಪ್ಪತ್ತೊಂದು ದಿನ. ಯಾವ ವೈದ್ಯರನ್ನೂ ಕೇಳಲಿಲ್ಲ. ಇಪ್ಪತ್ತೊಂದು ಎಂಬ ಸಂಖ್ಯೆ ಎಲ್ಲಿಂದ ಬಂತೆಂದು ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ.

ಸಂಕ್ರಾಂತಿ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಲಕ್ಷ್ಮಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮೆಟ್ಟಿಲಿಳಿದು ಬಂದ ಉಮಾಶ್ರೀಯನ್ನು ಕರೆದು ಫೋನು ಚಾಚಿದರು.

“ಮೇಡಂ, ಇದೊಂಚೂರು ಓದಿ ಏಳಿ. ನಮ್ಮ ಆನೇಕಲ್ ನಾದಿನಿ ಕಳ್ಸವ್ಳೆ. ನಮ್ಮ ಸೊಸೆ ಓದುದ್ಲು, ಬಸ್ಸು ಓಡಿಸ್ದಂಗೆ ಓದ್ತಾಳೆ, ಏನೂ ಗೊತ್ತಾಗ್ನಿಲ್ಲ.”

ಮೊದಲ ಸಾಲು ಕಣ್ಣಿಗೆ ಬಿದ್ದದ್ದೇ ಉಮಾಶ್ರೀಗೆ ಗುರುತು ಸಿಕ್ಕಿತು. ಅವಳದೇ ಸಾಲು. ಕೈಯಲ್ಲಿ ಫೋನಿತ್ತು, ಎದುರಿಗೆ ಲಕ್ಷ್ಮಮ್ಮ ಬಾಯಿ ತೆರೆದು ಕೇಳುತ್ತಿದ್ದರು. ಓದದೆ ಗತಿಯಿರಲಿಲ್ಲ. ‘ಮಂಡಿ ನೋವಿಗೆ ಮನೆಮದ್ದು ಹುಡುಕುತ್ತಿದ್ದೀರಾ? ಮಂಡಿ ನೋವಿಗೆ ಮನೆಮದ್ದು ಈಗ ಸುಲಭ.’ ಬರೆಯುವಾಗ ಕಾಣದ ಅಸಹ್ಯವೆಲ್ಲ ಗಟ್ಟಿಯಾಗಿ ಓದುವಾಗ ಒಂದೊಂದಾಗಿ ನಾಲಿಗೆಗೆ ತಾಗಿತು. ಐದನೆಯ ಸಲ ಆ ಮಾತು ಬಂದಾಗ ಲಕ್ಷ್ಮಮ್ಮ ನಕ್ಕರು.

“ಇವನ್ಯಾಕೆ ಏಳಿದ್ನೇ ಏಳ್ತಾನೆ? ಪಾಪ, ಅವನ್ಗೂ ಮಂಡಿ ನೋವಿರ್ಬೇಕು.”

ಉಮಾಶ್ರೀ ನಗುವಂತೆ ಮಾಡಿ ಮುಂದಕ್ಕೆ ಓದಿದಳು. ‘ದಾವಣಗೆರೆ ಕಡೆಯ ಅರವತ್ತೆಂಟು ವರ್ಷದ ಅನುಸೂಯಮ್ಮ ಇಪ್ಪತ್ತೊಂದೇ ದಿನದಲ್ಲಿ, ಆಪರೇಷನ್ ಇಲ್ಲದೆ, ಗುಡ್ಡದ ಮಠದ ಅರವತ್ತು ಮೆಟ್ಟಿಲು ಹತ್ತಿದರು.’ ಅಲ್ಲಿಗೆ ನಿಲ್ಲಿಸಿ ಫೋನು ವಾಪಸು ಕೊಟ್ಟಳು.

“ಆಯಮ್ಮ ನಿಮ್ಕಡೆಯೋರಲ್ವ? ಒಂದ್ಸಲ ಪೋನಲ್ಲಿ ಮಾತಾಡ್ಸಿ ಮೇಡಂ. ಎಲೆ ಎಷ್ಟೊತ್ತು ಕಟ್ಕೊಂಡಿರ್ಬೇಕು ಅಂತ ಕೇಳ್ಬೇಕು.”

“ವಿಚಾರಿಸ್ತೀನಿ ಅಮ್ಮಾ” ಎಂದುಬಿಟ್ಟಳು. ಹೇಳಬಹುದಾಗಿದ್ದ ಗಳಿಗೆ ಅದೇ. ಅದನ್ನು ಬಿಟ್ಟು ತರಕಾರಿ ತರಲು ಹೋದಳು.

ಅನುಸೂಯಮ್ಮ ಅವಳ ಅವ್ವ. ತೀರಿಕೊಂಡು ಐದು ವರ್ಷವಾಗಿತ್ತು. ಲೇಖನಕ್ಕೊಂದು ಹೆಸರು ಬೇಕಾದಾಗ ಮೊದಲು ನೆನಪಿಗೆ ಬಂದದ್ದು ಅದೇ. ಕೈ ಒಂದು ಗಳಿಗೆ ನಿಂತಿತ್ತು ನಿಜ, ಅಷ್ಟರಲ್ಲಿ ಕುಕ್ಕರ್ ಕೂಗಿತು. ದಿನಾ ಹಣೆಗೆ ವಿಭೂತಿ ಹಚ್ಚಿಕೊಂಡು, ‘ಏನು ಮಾಡಿದರೂ ನಿಷ್ಠೆಯಿಂದ ಮಾಡವ್ವ, ಅದೇ ಕಾಯಕ’ ಎನ್ನುತ್ತಿದ್ದ ಹೆಂಗಸು. ಆಕೆಯ ಹೆಸರು ಎಣ್ಣೆ ಬಾಟಲಿಯ ಜೊತೆ ಮಾರಾಟಕ್ಕೆ ನಿಂತಿತ್ತು. ತರಕಾರಿ ಅಂಗಡಿಯ ಮುಂದೆ ನಿಂತ ಉಮಾಶ್ರೀಗೆ ಏನು ತರಲು ಬಂದೆ ಎಂಬುದೇ ಮರೆತುಹೋಯಿತು.

ನಾಲ್ಕು ದಿನ ಕಳೆದು ಲಕ್ಷ್ಮಮ್ಮನ ಮಗ ಶಶಿಕುಮಾರ್ ಮೇಲೆ ಬಂದ. ಕೂರಿ ಎಂದರೂ ಕೂರಲಿಲ್ಲ.

“ಮೇಡಂ, ಅಮ್ಮಂಗೆ ನೀವೊಂದ್ಮಾತು ಹೇಳ್ಬೇಕು. ಮಂಡಿ ಆಪರೇಷನ್‌ಗೆ ಡೇಟ್ ಕೊಟ್ಟಿದ್ರು. ಬರೋ ಸೋಮವಾರ ಅಡ್ಮಿಟ್ ಆಗ್ಬೇಕು. ಈಗ ಬೇಡ ಅಂತ ಕೂತವ್ರೆ. ಯಾವ್ದೋ ಎಲೆ ಕಟ್ಕೊಂಡ್ರೆ ಸಾಕಂತೆ. ಯಾವನೋ ಕೆಲ್ಸ ಇಲ್ದೋನು ಬರ್ದವ್ನೆ, ಅವನ ಕೈ ಸೇದೋಗ. ನಮ್ ಮಾತು ಕೇಳಲ್ಲ, ನಿಮ್ದು ಕೇಳ್ತಾರೆ. ಪೇಪರ್‌ಗೆ ಬರೆಯೋರು ಅಂತ ಊರಿಗೆಲ್ಲ ಹೇಳ್ಕೊಂಡು ಓಡಾಡ್ತಾರೆ.”

“ಹೇಳ್ತೀನಿ” ಎಂದಳು ಉಮಾಶ್ರೀ. ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಿದ್ದಳು.

ಅವನು ಇಳಿದು ಹೋದ ಕೂಡಲೇ ಗುರುರಾಜನಿಗೆ ಫೋನು ಮಾಡಿದಳು. ಆ ಲೇಖನ ತೆಗೆದುಹಾಕಿ ಎಂದು ಬೇಡಿಕೊಂಡಳು. ಅವನಿಗೆ ಆಶ್ಚರ್ಯ. “ಅದು ನಂಬರ್ ಒನ್ ಬರ್ತಿದೆ ಮೇಡಂ. ಎಣ್ಣೆ ಪಾರ್ಟಿ ಸಕ್ಕತ್ ಖುಷಿಯಾಗಿದಾರೆ. ಸೊಂಟ ನೋವಿಗೂ ನಿಮ್ಮ ಕೈಲೇ ಬರೆಸಿ ಅಂತಿದಾರೆ. ಆ ಅಜ್ಜಿ ಸ್ಟೋರಿ ಇದ್ಯಲ್ಲ, ಅದೇ ಕ್ಲಿಕ್ ಆಗಿರೋದು.” ಉಮಾಶ್ರೀ ಫೋನಿಟ್ಟಳು.

ಕೆಳಗೆ ಹೋದಾಗ ಲಕ್ಷ್ಮಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಉಮಾಶ್ರೀ ಅಲ್ಲೂ ಸುಲಭದ ದಾರಿಯನ್ನೇ ಹುಡುಕಿದಳು. “ಅಮ್ಮಾ, ಫೋನಲ್ಲಿ ಬರೋದನ್ನೆಲ್ಲ ನಂಬಬಾರ್ದು. ಡಾಕ್ಟರ್ ಹೇಳ್ದಂಗೆ ಆಪರೇಷನ್ ಮಾಡಿಸ್ಕೊಳ್ಳಿ” ಎಂದಳು.

ಲಕ್ಷ್ಮಮ್ಮ ಅವಳ ಮುಖವನ್ನೇ ನೋಡಿದರು. “ನೀವೇ ಓದಿದ್ರಲ್ಲ ಮೇಡಂ. ಸುಳ್ಳಾಗಿದ್ರೆ ಓದುವಾಗ್ಲೇ ಏಳ್ತಿರ್ಲಿಲ್ವ?”

“ಎಲೆ ಕಟ್ಕೊಂಡ್ರಾ ಅಮ್ಮಾ?” ಎಂದಳು ಉಮಾಶ್ರೀ. “ಸುರುಸುರು ಉರೀತದೆ. ಉರಿದ್ರೆ ನೋವು ಎಳ್ಕೊತಾ ಅದೆ ಅಂತ ಲೆಕ್ಕ” ಎನ್ನುತ್ತ ಲಕ್ಷ್ಮಮ್ಮ ಸೀರೆಯನ್ನು ಮಂಡಿಯವರೆಗೆ ಸರಿಸಿದರು. ಎಕ್ಕದ ಹಾಲು ತಾಗಿ ಎರಡೂ ಮಂಡಿಯ ಚರ್ಮ ಬೊಬ್ಬೆ ಎದ್ದಿತ್ತು. ಎರಡು ಬೊಬ್ಬೆ ಒಡೆದು ಕೆಂಪಗಾಗಿ ರಸಿ ಸುರಿಯುತ್ತಿತ್ತು. ಸಕ್ಕರೆ ಕಾಯಿಲೆಯ ಮೈ ಅದು, ಗಾಯ ಬೇಗ ಮಾಯುವುದಲ್ಲ.

ಉಮಾಶ್ರೀ ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಳು.

“ಅದನ್ನ ಬರೆದಿದ್ದು ನಾನೇ ಅಮ್ಮಾ.”

ಲಕ್ಷ್ಮಮ್ಮನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟವಾಗಿತ್ತು. ತಾನು ಯಾವ ಪೇಪರ್‌ಗೂ ಬರೆಯುವವಳಲ್ಲ ಎಂದಳು. ಎಣ್ಣೆ ಮಾರುವವನಿಗೆ ಬರೆದುಕೊಟ್ಟೆ ಎಂದಳು. ಯಾವ ಡಾಕ್ಟರನ್ನೂ ಕೇಳಲಿಲ್ಲ, ತೋಚಿದ್ದನ್ನು ಬರೆದೆ ಎಂದಳು. ಅವತ್ತು ಓದುವಾಗ ಗೊತ್ತಿದ್ದೂ ಬಾಯಿ ಬಿಡಲಿಲ್ಲ ಎಂಬುದನ್ನೂ ಹೇಳಿದಳು. ಅದನ್ನು ಹೇಳುವಾಗ ತಲೆ ಎತ್ತಲಾಗಲಿಲ್ಲ.

ಲಕ್ಷ್ಮಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮಡಿಲಲ್ಲಿದ್ದ ಅವರೆಕಾಯಿ ಹಾಗೇ ಇತ್ತು. ಆಮೇಲೆ ಕೇಳಿದರು.

“ಅಂಗಾರೆ ಆಯಮ್ಮ ಮೆಟ್ಲು ಅತ್ಲಿಲ್ವ?”

“ಇಲ್ಲ ಅಮ್ಮಾ. ಅವರು ನಮ್ಮವ್ವ. ಕೊನೇ ನಾಲ್ಕು ವರ್ಷ ಹೊಸ್ತಿಲು ಕೂಡ ದಾಟ್ಲಿಲ್ಲ.”

“ಆಪ್ರೇಸನ್ನು?”

“ಈ ವರ್ಷ ಮಾಡಿಸೋಣ, ಮುಂದಿನ ವರ್ಷ ಮಾಡಿಸೋಣ ಅಂತ ಮುಂದಕ್ಕೆ ಹಾಕ್ತಾ ಹೋದ್ವಿ.”

ಲಕ್ಷ್ಮಮ್ಮ ಸೀರೆಯನ್ನು ಮಂಡಿಯ ಮೇಲೆ ಎಳೆದುಕೊಂಡರು. “ಎತ್ತವ್ವನ ಎಸ್ರೇ ಸಿಕ್ತಾ ನಿಮ್ಗೆ” ಎಂದರು. ದನಿ ಜೋರಿರಲಿಲ್ಲ. ಆಮೇಲೆ ಮತ್ತೆ ಅವರೆಕಾಯಿ ಕೈಗೆತ್ತಿಕೊಂಡರು.

ಸೋಮವಾರ ಆಸ್ಪತ್ರೆಗೆ ಹೋದರು. ಚರ್ಮ ಪೂರ್ತಿ ಮಾಯುವವರೆಗೂ ಮಂಡಿಗೆ ಕತ್ತರಿ ಹಾಕಲಾಗುವುದಿಲ್ಲ ಎಂದು ಡಾಕ್ಟರು ವಾಪಸು ಕಳಿಸಿದರು. ಮಾಯಲು ಹಿಡಿದ ಎರಡು ತಿಂಗಳೂ ಲಕ್ಷ್ಮಮ್ಮ ಬಚ್ಚಲಿಗೆ ಹೋಗುವುದಕ್ಕೂ ಸೊಸೆಯ ಹೆಗಲು ಹಿಡಿಯಬೇಕಾಯಿತು. ಗಾಯಕ್ಕೆ ಮುಲಾಮು ಹಚ್ಚಲು ಉಮಾಶ್ರೀ ದಿನಾ ಕೆಳಗೆ ಹೋದಳು. ಲಕ್ಷ್ಮಮ್ಮ ಬೇಡ ಎನ್ನಲಿಲ್ಲ, ಕಾಲು ಚಾಚುತ್ತಿದ್ದರು. ಶಶಿಕುಮಾರ್‌ಗೆ ವಿಷಯ ತಿಳಿಸಿದಂತೆ ಕಾಣಲಿಲ್ಲ. ಅವನು ಈಗಲೂ ಎದುರು ಸಿಕ್ಕರೆ ‘ನಮಸ್ಕಾರ ಮೇಡಂ’ ಎನ್ನುತ್ತಿದ್ದ, ಪ್ರತಿ ಸಲವೂ ಅವಳಿಗೆ ಮೈಯೆಲ್ಲ ಹಿಡಿಯಷ್ಟಾಗುತ್ತಿತ್ತು. ಗುರುರಾಜನಿಗೆ ಮದ್ದಿನ ಲೇಖನ ಇನ್ನು ಬರೆಯುವುದಿಲ್ಲ ಎಂದಳು. ಟೈಲ್ಸು, ನೀರಿನ ಟ್ಯಾಂಕಿನ ಬಗ್ಗೆ ಬರೆಯುತ್ತಾಳೆ, ಅದಕ್ಕೂ ಮೊದಲು ಪ್ಲಂಬರಿಗೆ ಫೋನು ಮಾಡಿ ಕೇಳುತ್ತಾಳೆ. ಹಳೆಯ ಲೇಖನ ಮಾತ್ರ ಇದ್ದಲ್ಲೇ ಇದೆ. ಅನುಸೂಯಮ್ಮ ದಿನಾ ಅರವತ್ತು ಮೆಟ್ಟಿಲು ಹತ್ತುತ್ತಲೇ ಇದ್ದಾಳೆ.

ಯುಗಾದಿ ಕಳೆದ ಮೇಲೆ ಆಪರೇಷನ್ ಆಯಿತು. ವಾಕರ್ ಹಿಡಿದು ಲಕ್ಷ್ಮಮ್ಮ ಜಗಲಿಯವರೆಗೆ ನಡೆದು ಬಂದ ದಿನ, ಎದುರು ಮನೆಗೆ ಹೊಸದಾಗಿ ಬಂದಿದ್ದ ಚನ್ನಕ್ಕ ನೋಡಿಕೊಂಡು ಹೋಗಲು ಬಂದಿದ್ದಳು. ಹಾಲು ತಂದ ಉಮಾಶ್ರೀ ಗೇಟಿನ ಹತ್ತಿರವಿದ್ದಾಗ ಚನ್ನಕ್ಕನ ಮಾತು ಕಿವಿಗೆ ಬಿತ್ತು. “ಮೇಲ್ಮನೆಯವ್ರು ಏನ್ ಮಾಡ್ತಾರೆ?”

ಲಕ್ಷ್ಮಮ್ಮ ಉಮಾಶ್ರೀಯನ್ನು ನೋಡಿದರು. ಆಮೇಲೆ ಚನ್ನಕ್ಕನ ಕಡೆ ತಿರುಗಿದರು.

“ಏನಿಲ್ಲ. ಮನೇಲೇ ಇರ್ತಾರೆ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಮೂರು ವರ್ಷ ಉಮಾಶ್ರೀ ತಿದ್ದದೆ ಬಿಟ್ಟಿದ್ದನ್ನು ಅವರೇ ತಿದ್ದಿದ್ದರು. ಅವಳು ಹಾಲಿನ ಪ್ಯಾಕೆಟ್ ಎದೆಗೆ ಅವುಚಿಕೊಂಡು, ತಲೆ ತಗ್ಗಿಸಿ, ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಹೋದಳು.