ಬಳೆಗಳ ಅಡಿಯ ದಾರ

1944ರಲ್ಲಿ ನಾವು ಮದ್ದೂರಿನಲ್ಲಿದ್ದೆವು. ನಮ್ಮವರು ಡಾಕ್ಟರು, ಮನೆಯ ಮುಂದಿನ ಕೋಣೆಯೇ ದವಾಖಾನೆ. ಸೂಜಿ ಕುದಿಸುವುದು, ಗಾಯ ತೊಳೆಯುವುದು ನನ್ನ ಪಾಲಿನ ಕೆಲಸ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಫಸ್ಟ್ ಏಡ್ ಕಲಿಸಿದ್ದರು. ಒಂದು ಬೆಳಿಗ್ಗೆ ನಮ್ಮವರನ್ನು ಮಂಡ್ಯದ ರೈಲಿಗೆ ಕಳುಹಿಸಿ, ಹಾಲು ಕಾಯಿಸಿ, ಬ್ಯಾಂಡೇಜು ಬಟ್ಟೆ ಒಣಹಾಕುತ್ತಿದ್ದಾಗ ವೈದ್ಯನಾಥಪುರದಿಂದ ಗಾಡಿ ಬಂತು.

ಇಳಿದವಳು ಕೆಂಪಮ್ಮ, ಜೊತೆಗೆ ಗಂಡ ಬೋರೇಗೌಡ. ಕಬ್ಬಿನ ಕೂಳೆ ಚುಚ್ಚಿ ಬಲ ಅಂಗೈಯಲ್ಲಾದ ಗಾಯ ಕೀವುಗಟ್ಟಿತ್ತು. ಕೈ ದಪ್ಪಗೆ ಊದಿತ್ತು.

"ಕೈ ತೆಗೀಬೇಕಾಯ್ತದಾ, ಅವ್ವ?" ಎಂದ ಗೌಡ.

"ಮುದ್ದೆ ತೊಳ್ಸೋರು ಯಾರು ಅಂತ ಇವಯ್ಯಂಗೆ ಚಿಂತೆ" ಎಂದಳು ಕೆಂಪಮ್ಮ, ಹಲ್ಲು ಕಚ್ಚಿಕೊಂಡು.

ಸೋಂಕು ಹೊಕ್ಕ ಕಡೆಗೆ ದೇಹ ಹೆಚ್ಚು ರಕ್ತ ಹರಿಸುತ್ತದೆ. ಬಿಳಿ ರಕ್ತಕಣಗಳು ರಕ್ತನಾಳದಿಂದ ಹೊರಬಂದು ಕ್ರಿಮಿಗಳನ್ನು ನುಂಗುತ್ತವೆ. ಕೆಂಪು, ಬಿಸಿ, ಊತ, ನೋವು ಆ ಕಾದಾಟದ ಗುರುತುಗಳು. ಕೀವೆಂದರೆ ಬಹುಪಾಲು ಸತ್ತ ಬಿಳಿಕಣಗಳೇ. ಇಂಥ ಗಾಯದ ಸುತ್ತ ಬಿಸಿ ಇರಲೇಬೇಕು. ಇವಳ ಅಂಗೈ ತಣ್ಣಗಿತ್ತು, ಬೆರಳುಗಳು ನೀಲಿಗಟ್ಟಿದ್ದವು.

ಗಾಜಿನ ಬಳೆಗಳನ್ನು ಮೆಲ್ಲಗೆ ಸರಿಸಿ ನೋಡಿದೆ. ಅಡಿಯಲ್ಲಿ ಕರಿದಾರ, ಮಾಂಸದೊಳಗೆ ಹೂತುಹೋಗಿತ್ತು.

"ಇಸ ಮೇಲಕ್ಕೆ ಏರ್ಬಾರ್ದು ಅಂತ ಮಂತ್ರಿಸಿ ಕಟ್ಸಿದ್ದು" ಎಂದ ಗೌಡ.

ಕಟ್ಟಿದಾಗ ಸಡಿಲವಿದ್ದ ದಾರ ಕೈ ಊದಿದಂತೆ ಬಿಗಿದು ರಕ್ತವನ್ನೇ ತಡೆದಿತ್ತು. ನಮ್ಮವರು ಬರುವವರೆಗೆ ಕಾಯುವಂತಿರಲಿಲ್ಲ. ಊದಿದ ಕೈಯಿಂದ ಬಳೆ ಕಳಚದು, ಮೇಲಕ್ಕೂ ಹೆಚ್ಚು ಸರಿಯದು. ಕತ್ತರಿ ತೂರಿಸಲು ಒಡೆಯಲೇಬೇಕು.

ಕೆಂಪಮ್ಮ ಕೈ ಎಳೆದುಕೊಂಡಳು. "ಗಂಡ ಎದ್ರುಗೆ ನಿಂತಿರೋವಾಗ ಬಳೆ ಒಡೀತಾರಾ? ಬ್ಯಾಡ ಕಣವ್ವ!"

ನಾನು ಕತ್ತರಿ ಕೆಳಗಿಡಲಿಲ್ಲ. "ದಾರ ಹೀಗೇ ಇದ್ದರೆ ಕೈ ಉಳಿಯುವುದಿಲ್ಲ, ಗೌಡರೇ. ಏನು ಮಾಡಲಿ ಹೇಳಿ."

ಅವನು ಹೆಗಲ ಮೇಲಿನ ಟವಲನ್ನು ಅವಳ ಮುಂಗೈಗೆ ಸುತ್ತಿದ. "ಕೈ ತತ್ತಾ ಇಲ್ಲಿ. ನಾನೇ ಒಡೀತೀನಿ. ಗಾಜು ಒಡುದ್ರೆ ಸಾಯೋ ಆಸಾಮಿ ಅಲ್ಲ ಕಣಮ್ಮಿ ನಾನು."

ಒಂದೊಂದೇ ಬಳೆ ಚಿಟಚಿಟನೆ ಮುರಿಯಿತು. ದಾರ ಕತ್ತರಿಸಿದೆ. ರಕ್ತ ನುಗ್ಗಿದ ನೋವಿಗೆ ಅವಳು ಕೂಗಿಕೊಂಡಳು. ಬೆರಳುಗಳಿಗೆ ನಿಧಾನವಾಗಿ ಬಣ್ಣ ಬಂತು, ಅಂಗೈ ಬೆಚ್ಚಗಾಯಿತು. ಮಧ್ಯಾಹ್ನ ನಮ್ಮವರು ಬಂದು ಕೀವು ತೆಗೆದು, ಸಲ್ಫಾ ಪುಡಿ ಉದುರಿಸಿ ಕಟ್ಟು ಹಾಕಿದರು. "ಕೈ ಉಳಿಯುತ್ತೆ" ಎಂದರು.

ನಾವು ಮುಟ್ಟುವ ಮೊದಲೇ ದೇಹ ತನ್ನ ಚಿಕಿತ್ಸೆ ಶುರುಮಾಡಿರುತ್ತದೆ. ಅದರ ದಾರಿಗೆ ಏನು ಅಡ್ಡ ಬಂದಿದೆ ಎಂದು ಮೊದಲು ಹುಡುಕುವುದನ್ನು ಆ ದಿನ ಕಲಿತೆ.

ಸಂಜೆ ಮೊಸರಿಗೆ ಹೆಪ್ಪು ಕೇಳಲು ಪಕ್ಕದ ಮನೆಯ ಫಾತಿಮಾಬಿ ಬಂದರು. "ನಿಮ್ಮನೆಗೆ ಬಂದಿದ್ಳಲ್ಲ ಆಯಮ್ಮ, ಗಾಡಿ ಮೆಲ್ಲುಗೆ ಹೊಡಿ ಅಂತ ಕಟ್ಟು ಕಟ್ಟಿದ್ ಕೈಲೇ ಬೆರಳು ಆಡುಸ್ಕೊಂಡು ಗಂಡನ್ನ ಬೈತಾ ಹೋದ್ಳು. ಏನ್ ಬಾಯಿ ಕಣಮ್ಮ ಅವಳ್ದು!"